ಗ್ರಿಮಸ್ ಕೊಲ್ಲಿಯಲ್ಲಿ ನೀರಿಲ್ಲ

ಸ್ಕಾಟ್ಲೆಂಡಿನ ಪಡುಗಡಲಿನಲ್ಲಿರುವ ನಮ್ಮ ದ್ವೀಪದ ಗ್ರಿಮಸ್ ಕೊಲ್ಲಿಗೆ ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಒಳಗೆ ಯುದ್ಧನೌಕೆಗಳ ಹಿಂಡೇ ನಿಂತರೂ ಹೊರಗಿನವರಿಗೆ ಕಾಣುವುದಿಲ್ಲ. ಇದು ಹೆರಿಂಗ್ ಮೀನುಗಳಿಗೆ ಮೊದಲಿಂದಲೂ ಗೊತ್ತಿತ್ತು. ನೌಕಾಪಡೆಗೆ ಗೊತ್ತಾಗಲು ಜರ್ಮನಿ ಯುದ್ಧಕ್ಕೇ ಇಳಿಯಬೇಕಾಯಿತು.

ಕ್ಯಾಪ್ಟನ್ ಫೆನ್ವಿಕ್ ಬಂದರು, ಆಳ ಅಳೆದರು, ಬೆವರಿದರು. ಇಂಥ ಆಯಕಟ್ಟಿನ ಜಾಗ ಶತ್ರುವಿಗೆ ತಿಳಿದರೆ ಗತಿಯೇನು? ಕೂಡಲೇ ನಕ್ಷೆಯಲ್ಲಿ ಕೊಲ್ಲಿಗೆ ನೆಲದ ಹಸಿರು ಬಳಿದು, ಇಗರ್ಜಿಯ ಬಾಗಿಲಿಗೆ ಪ್ರಕಟಣೆ ಅಂಟಿಸಿದರು:

"ಸದರಿ ಸ್ಥಳದಲ್ಲಿ ಇಂದಿನಿಂದ ನೀರು ಇರುವುದಿಲ್ಲ. ಇರುವಂತೆ ಕಂಡುಬಂದಲ್ಲಿ ಸಾರ್ವಜನಿಕರು ಗಮನಿಸತಕ್ಕದ್ದಲ್ಲ. ನೆಲದ ಮೇಲೆ ದೋಣಿ ನಡೆಸುವವರನ್ನು ಬಂಧಿಸಲಾಗುವುದು."

ಸರ್ಕಾರವೇ ಹೇಳಿದ ಮೇಲೆ ನಾವು ಒಪ್ಪಿದೆವು. ಪೇಚಿಗೆ ಸಿಕ್ಕಿದವನು ದೋಣಿಯ ಟಾರ್ಕಿಲ್. ಅವನ ಮನೆ ತೆಂಕಣ ದಡದಲ್ಲಿ. ಅವನು ಮದುವೆಯಾಗಬೇಕಿದ್ದ ಕಿರ್ಸ್ಟಿ ಬಡಗಣ ದಡದಲ್ಲಿ, ಇಗರ್ಜಿಯೂ ಅಲ್ಲೇ. ಮದುವೆಗೆ ಯಾರದಾದರೂ ತಕರಾರಿದೆಯೇ ಎಂದು ಭಾನುವಾರ ಇಗರ್ಜಿಯಲ್ಲಿ, ಗಂಡಿನ ಎದುರಲ್ಲೇ ಕೇಳುವುದು ನಮ್ಮ ಪಾದ್ರಿಯ ಕಟ್ಟಳೆ. ಕೊಲ್ಲಿ ಸುತ್ತಿ ನಡೆಯಲು ಟಾರ್ಕಿಲ್‌ಗೆ ಕಾಲು ಕುಂಟು. ಶನಿವಾರವೇ ದಾಟೋಣವೆಂದರೆ ನೌಕಾಪಡೆ ಹಿಡಿಯುತ್ತದೆ. ಭಾನುವಾರ ದೇವರ ದಿನ, ಕೆಲಸ ಮಾಡುವುದು ಪಾಪ; ದೋಣಿ ಮುಟ್ಟಿದರೆ ಪಾದ್ರಿ ಹಿಡಿಯುತ್ತಾರೆ. ನಮ್ಮಲ್ಲಿ ಭಾನುವಾರ ಹುಂಜವನ್ನೂ ಕೂಡಿಹಾಕುತ್ತೇವೆ.

ಕಿರ್ಸ್ಟಿ ಸುಮ್ಮನಿರುವ ಪೈಕಿಯಲ್ಲ. ಪಾದ್ರಿಯನ್ನೂ ಕ್ಯಾಪ್ಟನ್ನರನ್ನೂ ಎದುರುಬದುರು ಕೂರಿಸಿ ಚಹಾ ಕೊಟ್ಟಳು.

"ಸಾಹೇಬ್ರೇ, ಅಲ್ಲಿ ನೀರಿದ್ಯಾ?"

"ಇಲ್ಲಮ್ಮ."

"ನೆಲದ ಮೇಲೆ ಓಡಾಡ್ಬೋದಾ?"

"ಧಾರಾಳವಾಗಿ."

"ಪಾದ್ರಿಗಳೇ, ಭಾನುವಾರ ಇಗರ್ಜಿಗೆ ನಡ್ಕೊಂಡು ಬಂದ್ರೆ ಪಾಪಾನಾ?"

"ಪುಣ್ಯ ಕಣಮ್ಮ."

"ಹಾಗಾದ್ರೆ ಟಾರ್ಕಿಲ್ ಈ ವಾರ ನಡ್ಕೊಂಡೇ ಬರ್ತಾನೆ. ಕಾಲು ಸರಿಯಿಲ್ಲ ನೋಡಿ, ಕೈಲಿ ಎರಡು ಕೋಲಿರುತ್ತೆ. ಕೂತ್ಕೊಂಡು ನಡೀತಾನೆ."

ಇಬ್ಬರೂ ಬಹಳ ಹೊತ್ತು ಚಹಾ ಕಲಕಿದರು. ಬೇಡವೆಂದರೆ ತಮ್ಮ ತಮ್ಮ ಮಾತೇ ಸುಳ್ಳಾಗುತ್ತದೆ. ಒಪ್ಪಿದರು.

ಭಾನುವಾರ ಟಾರ್ಕಿಲ್ ಕೋಟು ತೊಟ್ಟು ಚೆನ್ನಾಗಿಯೇ ನಡೆದು ಬರುತ್ತಿದ್ದ. ನಡುವೆ ಗಾಳಿ ಬೀಸಿ ಮಗುಚಿಕೊಂಡ. ಎಷ್ಟೇ ಮೀನು ಹಿಡಿದರೂ ನಮ್ಮವರಲ್ಲಿ ಈಜು ಕಲಿಯುವ ರೂಢಿಯಿಲ್ಲ. ದಡದಲ್ಲಿ ನಿಂತಿದ್ದ ಕ್ಯಾಪ್ಟನ್ನರ ಬಳಿಗೆ ಓಡಿದೆ.

"ಸಾಹೇಬ್ರೇ, ನಿಮ್ಮ ದೋಣಿ ಬಿಡಿ," ಎಂದೆ.

"ನೆಲದ ಮೇಲೆ ಮುಳುಗೋರನ್ನ ಎತ್ತೋಕೆ ನಂಗೆ ಅಧಿಕಾರ ಇಲ್ಲ," ಎಂದರು ಕ್ಯಾಪ್ಟನ್. ಅವರ ಮುಖ ಸುಣ್ಣವಾಗಿತ್ತು.

ಕಿರ್ಸ್ಟಿ ಟೋಪಿ ಸರಿಪಡಿಸಿಕೊಂಡು ಅವರದೇ ದೋಣಿಗೆ ಹಾರಿದಳು. "ನಾನೂ ಒಂಚೂರು ನಡ್ಕೊಂಡು ಬರ್ತೀನಿ," ಎಂದು ಹೋಗಿ, ಕೊರಳಪಟ್ಟಿ ಹಿಡಿದು ಎಳೆದು ತಂದಳು.

ಇಗರ್ಜಿಯಲ್ಲಿ ಟಾರ್ಕಿಲ್ ತೊಟ್ಟಿಕ್ಕುತ್ತ ನಿಂತ.

"ಯಾಕಪ್ಪಾ ತಡ?" ಎಂದರು ಪಾದ್ರಿ.

"ದಾರೀಲಿ ಎಡವಿ ಬಿದ್ದೆ."

"ನೋಡ್ಕೊಂಡು ನಡೀಬಾರ್ದಾ?"

ಮದುವೆಗೆ ಯಾರೂ ತಕರಾರು ಎತ್ತಲಿಲ್ಲ. ತಕರಾರಿದ್ದದ್ದು ದಾರಿಯ ಬಗ್ಗೆ. ಕ್ಯಾಪ್ಟನ್ ಅದನ್ನು ಪರಿಶೀಲಿಸಿ ದುರಸ್ತಿಗೆ ಜಲ್ಲಿ ಮಂಜೂರು ಮಾಡಿಸಿದರು. ಊರೆಲ್ಲ ನಿಂತು ಕೊಲ್ಲಿಗೆ ಸುರಿದೆವು. ಇನ್ನೂ ಸ್ವಲ್ಪ ಬೇಕಾಗಬಹುದು.

ಮದುವೆಯಾದ ಮೇಲೆ ಕಿರ್ಸ್ಟಿ ದಿನಾ ಸಂಜೆ ಗಂಡನನ್ನು ದಡಕ್ಕೆ ಕರೆದೊಯ್ದು, ಹೊಟ್ಟೆಗೆ ಕೈಕೊಟ್ಟು ಹಿಡಿದು ನಡೆಯಲು ಕಲಿಸುತ್ತಿದ್ದಾಳೆ. ಮೊದಮೊದಲು ಬಾಯಿ ತುಂಬ ಉಪ್ಪು ಕುಡಿಯುತ್ತಿದ್ದ. ಈಗ ತಲೆಯೆತ್ತಿಕೊಂಡೇ ನಡೆಯುತ್ತಾನೆ.