ಮೂರು ತೊಲದ ಒಲೆ

ಮದ್ರಾಸಿನಲ್ಲಿ ರಸಾಯನಶಾಸ್ತ್ರ ಓದಿ ಪದವಿ ಪಡೆದವಳಿಗೆ ಒಂದು ಚಂಬು ನೀರು ಕುದಿಸುವುದು ಕಷ್ಟವಲ್ಲ ಎಂದು ನಾನು ನಂಬಿದ್ದೆ. ಈ ನಂಬಿಕೆಯನ್ನು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ ಎಂಬುದೊಂದೇ ಈಗ ಉಳಿದಿರುವ ಸಮಾಧಾನ.

ನನ್ನ ಸಹಪಾಠಿ ರುಕ್ಮಿಣಿ ಮಡಕಶಿರದವಳು. ಅಲ್ಲಿಂದ ಅಗಳಿಯ ಮೇಲೆ ಹಾದು ಹೇಮಾವತಿ ಎಂಬ ಊರಿನವರೆಗೆ ನಡೆದು ಹೋಗಿ, ಹಳೆಯ ಗುಡಿಯ ಕಂಬಗಳ ಚಿತ್ರ ಬರೆದುಕೊಂಡು ಬರಬೇಕೆಂದು ಓದುವಾಗಲೇ ಇಬ್ಬರೂ ನಿಶ್ಚಯಿಸಿದ್ದೆವು. ಬೆನ್ನಿಗೊಂದು ಚೀಲ, ಮೂರು ದಿನದ ದಾರಿ. ಜೊತೆಗೆ ಅವಳ ಅಣ್ಣ ಬರುವುದಾಗಿ ಒಪ್ಪಿದ್ದ. ಉಳಿದದ್ದು ನನ್ನ ಅಪ್ಪನ ಒಪ್ಪಿಗೆ.

ಅಪ್ಪನಿಗೆ ರಾಯದುರ್ಗದಲ್ಲಿ ಬಟ್ಟೆ ಅಂಗಡಿ. ಬಟ್ಟೆಯಲ್ಲಾಗಲಿ ಮಾತಿನಲ್ಲಾಗಲಿ ಒಂದಂಗುಲ ಹೆಚ್ಚು ಕೊಟ್ಟವರಲ್ಲ.

"ಹೋಗಾಕ ನನ್ನ ಅಡ್ಡಿ ಇಲ್ಲವ್ವ" ಎಂದರು. "ಆದ್ರ ಮುಂಜಾನೆ ಎದ್ದು ಕಾಫಿಗಂತ ಕಂಡವರ ಒಲಿ ಮುಂದ ನನ್ನ ಮಗಳು ನಿಲ್ಲಬಾರದು. ನಿನ್ನ ಒಲಿ ನಿನ್ನ ಬೆನ್ನಮ್ಯಾಲೆ ಇರಬೇಕು. ಮೊದಲ ನಮ್ಮೂರ ಬೆಟ್ಟದ ಮ್ಯಾಲೆ ನನಗೊಂದು ಲೋಟ ಕಾಫಿ ಕಾಸಿ ಕೊಡು. ಅವತ್ತೇ ಹೋಗು ಅಂತೀನಿ."

ಕರಾರು ನ್ಯಾಯವಾಗಿತ್ತು. ನಾನು ಕೆಲಸಕ್ಕೆ ತೊಡಗಿದೆ.

ಕಾಲೇಜಿನಲ್ಲಿ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ, ಬೆಟ್ಟ ಹತ್ತುವ ಬಿಳಿಯ ದೊರೆಯೊಬ್ಬ ಅಂಗೈಯಗಲದ ತಗಡಿನ ಒಲೆಯ ಮುಂದೆ ಕುಳಿತ ಚಿತ್ರ ನೋಡಿದ್ದೆ. ಅದರಲ್ಲಿ ಉರಿಯುತ್ತಿದ್ದದ್ದು ಬೆಳ್ಳಗಿನ ಪುಟ್ಟ ಬಿಲ್ಲೆಗಳು. ಆ ಬಿಲ್ಲೆ ರಾಯದುರ್ಗದಲ್ಲಿ ಸಿಗುವುದಿಲ್ಲ. ಆದರೆ ಬೆಳ್ಳಗಿರುವ, ಬಿಲ್ಲೆಯಾಗಿರುವ, ಕಡ್ಡಿ ತೋರಿಸಿದರೆ ಸಾಕು ಹೊತ್ತಿಕೊಳ್ಳುವ ಇನ್ನೊಂದು ವಸ್ತು ಪ್ರತಿ ಮನೆಯ ದೇವರ ಗೂಡಿನಲ್ಲೂ ಇದೆ. ಕರ್ಪೂರ! ಇಷ್ಟು ಸುಲಭದ ಸಂಗತಿ ಇದುವರೆಗೆ ಯಾರಿಗೂ ಏಕೆ ಹೊಳೆದಿಲ್ಲ ಎಂದು ಆಶ್ಚರ್ಯಪಟ್ಟೆ. ಏಕೆಂದು ಆಮೇಲೆ ತಿಳಿಯಿತು.

ಅಪ್ಪನ ಖಾಲಿ ನಶ್ಯದ ಡಬ್ಬಿಗೆ ಮೊಳೆಯಿಂದ ಹದಿನಾರು ತೂತು ಹೊಡೆದೆ. ಚಂಬು ಕೂರಲು ಮೂರು ತಗಡಿನ ಪಟ್ಟಿಗಳನ್ನು ಸೀಸದ ಬೆಸುಗೆಯಿಂದ ಅಂಟಿಸಿದೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದರೆ ಮೂರು ತೊಲ. ಅವರು ಇದು ಯಾವ ಆಭರಣ ಎಂದು ಕೇಳಿದರು.

ಮೊದಲ ಪರೀಕ್ಷೆ ಹಿತ್ತಲಿನಲ್ಲಿ. ಬಿಲ್ಲೆ ಹೊತ್ತಿಸಿ ಚಂಬು ಇಟ್ಟೆ. ಐದು ನಿಮಿಷವಾಗಿರಲಿಕ್ಕಿಲ್ಲ, ನಮ್ಮ ಜೊತೆಗೇ ಇರುವ ಸೋದರತ್ತೆ ಗಂಗತ್ತೆ, ಸೆರಗು ಹೊದ್ದುಕೊಂಡು ಓಡಿ ಬಂದರು. ಚಂಬನ್ನು ಕೆಳಗಿಟ್ಟು, ಉರಿಯ ಮೇಲೆ ಎರಡೂ ಕೈ ಆಡಿಸಿ ಕಣ್ಣಿಗೊತ್ತಿಕೊಂಡರು.

"ಯಾವ ದೇವ್ರಿಗೆ ಬೆಳಗಿದಿ?"

"ದೇವರಿಗಲ್ಲ ಅತ್ತೆ. ನೀರಿಗೆ."

"ಗಂಗಮ್ಮಗೇನು? ಛಲೋ ಆತು" ಎಂದು ಇನ್ನೊಮ್ಮೆ ಕೈಮುಗಿದರು. ಅಷ್ಟರಲ್ಲಿ ಬಿಲ್ಲೆ ಮುಗಿದಿತ್ತು. ಅತ್ತೆ ಅಡ್ಡ ಬರದಿದ್ದರೆ ನೀರು ಕುದಿಯುತ್ತಿತ್ತು ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಮನೆಯಲ್ಲಿ ಅತ್ತೆ ಇದ್ದಾರೆ, ಬೆಟ್ಟದ ಮೇಲೆ ಇಲ್ಲ. ತರ್ಕ ಸರಿಯಾಗಿಯೇ ಇತ್ತು.

ಅಪ್ಪನ ಅಂಗಡಿಗೆ ಸೋಮವಾರ ರಜೆ. ಆದ್ದರಿಂದ ಸೋಮವಾರವೇ ಬೆಟ್ಟ ಹತ್ತಿದೆವು. ಅದು ಶ್ರಾವಣದ ಸೋಮವಾರ ಎಂಬುದು, ಊರಿನ ಅರ್ಧ ಜನ ಮೇಲಿನ ಗುಡಿಗೆ ಹೊರಟದ್ದು ಕಂಡ ಮೇಲೆ ನೆನಪಾಯಿತು. ಗಾಳಿ ಜೋರಾಗಿತ್ತು. ಮೆಟ್ಟಿಲ ಪಕ್ಕದ ಬಂಡೆಯಲ್ಲಿ ಎದೆಯೆತ್ತರಕ್ಕೆ ಒಂದು ಚೊಕ್ಕ ಗೂಡು ಇತ್ತು. ಗಾಳಿ ತಾಗದ ಜಾಗ. ಒಲೆಯನ್ನು ಅದರೊಳಗಿಟ್ಟು, ಕರ್ಪೂರ ಹೊತ್ತಿಸಿ, ಚಂಬು ಏರಿಸಿ, ಪಕ್ಕಕ್ಕೆ ಸರಿದು ನಿಂತೆ. ಕಾಫಿ ಇಲ್ಲದೆ ಹೊರಟಿದ್ದ ಅಪ್ಪ ಎದುರಿನ ಕಲ್ಲಿನ ಮೇಲೆ ಕುಳಿತರು.

ಮೊದಲು ಬಂದ ಹೆಂಗಸು ಚಂಬನ್ನು ಮೆಲ್ಲಗೆ ಇಳಿಸಿ, ಆರತಿ ತೆಗೆದುಕೊಂಡು, ಒಂದು ಬಾಳೆಹಣ್ಣು ಇಟ್ಟು ಹೋದಳು. ನಾನು ಚಂಬನ್ನು ಮತ್ತೆ ಏರಿಸಿದೆ. ಎರಡನೆಯವಳು ಇಳಿಸಿದಳು. ಏರಿಸಿದೆ. ಅಪರಿಚಿತರ ಜೊತೆ ಮಾತು ಬೆಳೆಸುವುದು ನನಗೆ ಒಗ್ಗದ ಕೆಲಸ. "ಇದು ಕಾಫಿಯ ನೀರು" ಎಂಬ ಮೂರು ಶಬ್ದವನ್ನು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡೆ. ನನ್ನ ಪಾಡಿಗೆ ನಾನು ಚಂಬು ಏರಿಸುತ್ತ, ಮುಗಿದ ಬಿಲ್ಲೆಗೆ ಹೊಸ ಬಿಲ್ಲೆ ಸೇರಿಸುತ್ತ ನಿಂತೆ. ನೋಡುವವರಿಗೆ ಅದು ಸೇವೆಯಂತೆಯೇ ಕಂಡಿರಬೇಕು.

ಮುದುಕರೊಬ್ಬರು ಅಂಗೈ ಚಾಚಿದರು. "ತೀರ್ಥ ಕೊಡವ್ವ."

ಅವರೇ ಚಂಬು ಬಗ್ಗಿಸಿಕೊಂಡು ಕುಡಿದರು. ಉಗುರುಬೆಚ್ಚಗಿನ, ಕರ್ಪೂರದ ವಾಸನೆಯ ನೀರು.

"ಬೆಚ್ಚಗೈತಿ, ಘಮ ಘಮ ಐತಿ" ಎಂದು ಹಿಂದಿನವರಿಗೆ ಸಾರಿದರು. ಹಿಂದಿನವರೂ ಕೈ ಚಾಚಿದರು.

ಆಗ ಧೈರ್ಯ ತಂದುಕೊಂಡು ಹೇಳಿಯೇಬಿಟ್ಟೆ. "ಅಜ್ಜಾರ, ಅದು ಕಾಫಿಗೆ ಇಟ್ಟ ನೀರ್ರಿ."

ಅವರು ಗೂಡನ್ನು ಭಕ್ತಿಯಿಂದ ನೋಡಿದರು. "ಹೌದೇನವ್ವ? ಕಾಫಿ ನೈವೇದ್ಯ ಮಾಡೋ ದೇವ್ರನ್ನ ನಾ ಇವತ್ತೇ ನೋಡಿದ್ದು."

ಚಂಬಿನಲ್ಲಿ ಮುಕ್ಕಾಲು ಲೋಟ ಉಳಿದಿತ್ತು. ಸೋಲು ಒಪ್ಪಿಕೊಳ್ಳುವ ಹೊತ್ತು ಅದಲ್ಲ. ಉಳಿದ ಹನ್ನೆರಡು ಬಿಲ್ಲೆಗಳನ್ನು ಒಟ್ಟಿಗೆ ಸುರಿದೆ. ಉರಿ ಮೊಳದೆತ್ತರ ಎದ್ದಿತು. ಜನ "ಹರ ಹರ" ಎಂದರು. ಚಂಬಿನ ತಳದಲ್ಲಿ ಸಣ್ಣ ಗುಳ್ಳೆಗಳು ಕಂಡವು. ಆ ಕ್ಷಣದಲ್ಲಿ ನನ್ನ ಬೆಸುಗೆ ಕರಗಿತು. ಸೀಸ ಎಷ್ಟು ಶಾಖಕ್ಕೆ ಕರಗುತ್ತದೆ ಎಂದು ಪರೀಕ್ಷೆಯಲ್ಲಿ ಸರಿಯಾಗಿ ಬರೆದು ಅಂಕ ಪಡೆದವಳು ನಾನೇ. ಪಟ್ಟಿಗಳು ಕಾಲು ಚಾಚಿದವು, ಚಂಬು ಮಗುಚಿತು, ಆರತಿ ನಂದಿತು.

ಎಲ್ಲರೂ ನನ್ನ ಕಡೆ ನೋಡಿದರು. ಯಾರೋ ಗಾಬರಿಯಿಂದ ತಮ್ಮ ಕರ್ಪೂರ ಹೊತ್ತಿಸಿದರು. ಅಪ್ಪ ಎದ್ದು ಬಂದು, ತಾವೂ ಆರತಿ ತೆಗೆದುಕೊಂಡು, ಕೇಳಿದರು.

"ನೀರು ಕುದೀತೇನು?"

"ಇಲ್ಲ. ಮುಂದಿನ ಸೋಮವಾರ ಕುದಿಯುತ್ತದೆ."

ವಾರವೆಲ್ಲ ಕುಳಿತು ಬೆಸುಗೆ ಬಿಟ್ಟು ಮೊಳೆ ಬಡಿದು ಹೊಸ ಒಲೆ ಮಾಡಿದೆ. ಮೂರೂಕಾಲು ತೊಲ. ಮುಂದಿನ ಸೋಮವಾರ ಅಪ್ಪನೊಡನೆ ಹೋಗಿ ನೋಡಿದರೆ ಗೂಡಿಗೆ ಸುಣ್ಣ ಬಳಿದಿತ್ತು. ಕುಂಕುಮ, ಹೂವಿನ ಸರ, ಮುಂದೆ ಮೂವತ್ತು ಜನರ ಸಾಲು. ಬೇರೆ ದಾರಿ ಕಾಣದೆ ನಾವೂ ನಿಂತೆವು.

ಮುಂದಿದ್ದ ಹೆಂಗಸು ತಿರುಗಿ ಮರುಕದಿಂದ ಹೇಳಿದಳು. "ಹೋದ ವಾರ ಬಿಸಿ ತೀರ್ಥ ಕೊಟ್ರಂತ. ನೀ ತಡ ಮಾಡಿ ಬಂದಿ ನೋಡವ್ವ."

"ಹೌದ್ರಿ" ಎಂದೆ.

ಹಿಂದಿನಿಂದ ಅಪ್ಪನ ದನಿ ಕೇಳಿತು. "ಮಡಕಶಿರಕ್ಕ ಹೋಗಿ ಬಾರವ್ವ."

"ನೀರು ಇನ್ನೂ ಕುದ್ದಿಲ್ಲ ಅಪ್ಪ."

"ಕುದಿಯೂದೂ ಇಲ್ಲ. ಆದ್ರ ನೀ ಮಂದಿ ಒಲಿ ಮುಂದ ನಿಲ್ಲೂದಿಲ್ಲ ಅಂಬೂದು ಖಾತ್ರಿ ಆತು. ಮಂದೀನೇ ನಿನ್ನ ಒಲಿ ಮುಂದ ನಿಲ್ತಾರ."

ಹೀಗೆ ನನ್ನ ಒಲೆ ಅಪ್ಪನ ಪರೀಕ್ಷೆಯಲ್ಲಿ ಗೆದ್ದಿತು. ಅದರಿಂದ ಅಡುಗೆಯೊಂದನ್ನು ಬಿಟ್ಟು ಮಿಕ್ಕೆಲ್ಲವೂ ಆಗುತ್ತದೆ.