ನಾನು ಉಡುಗೊರೆ ಕೊಟ್ಟ ಯುದ್ಧಸಾಮಗ್ರಿ

ಜನಕ್ಕೆ ಸೀರೆ ಕೊಟ್ಟರೆ ಉಡುತ್ತಾರೆ, ಉಂಡಿ ಕೊಟ್ಟರೆ ತಿನ್ನುತ್ತಾರೆ. ಯುದ್ಧವಿಮಾನ ಕೊಟ್ಟರೆ ಏನು ಮಾಡುತ್ತಾರೆಂದು ಯಾರಿಗೂ ಹೇಳಲಿಕ್ಕೆ ಬರುವುದಿಲ್ಲ. ನಾನು ಹೇಳಬಲ್ಲೆ. ನಾಲ್ಕು ವರ್ಷದಿಂದ ಕೊಡುತ್ತಾ ಬಂದಿದ್ದೇನೆ, ನಾಲ್ಕು ವರ್ಷದಿಂದ ಸಿಟ್ಟು ನುಂಗುತ್ತಾ ಬಂದಿದ್ದೇನೆ.

ಎರಡನೇ ಮಹಾಯುದ್ಧ ಜೋರಾಗಿದ್ದ ಕಾಲಕ್ಕೆ ನಾನು ಹೈದರಾಬಾದಿನ ಒಂದು ಇಂಗ್ಲಿಷ್ ಶಾಲೆಯ ಬೋರ್ಡಿಂಗಿನಲ್ಲಿದ್ದೆ. ಅಲ್ಲಿನ ಒಬ್ಬ ಮಿಸ್ಸಿನ ತಮ್ಮ ವಿಮಾನದಳದಲ್ಲಿದ್ದ. ಕಸೂತಿಯ ತಾಸಿನಲ್ಲಿ ಆಕೆ ನಮ್ಮ ಕೈಯಿಂದ ಸೂಜಿ ಕಸಿದು ಚಾಕು ಕೊಟ್ಟರು. ತಲೆಯ ಮೇಲೆ ಹಾರುವ ವಿಮಾನ ನಮ್ಮದೋ ವೈರಿಯದೋ ಗುರುತು ಹಿಡಿಯುವುದನ್ನು ಸಿಪಾಯಿಗಳಿಗೆ ಕಲಿಸಲಿಕ್ಕೆ ಕಟ್ಟಿಗೆಯ ಮಾದರಿಗಳು ಬೇಕಂತೆ. ಅದೂ ಅಳತೆ ತಪ್ಪುವಂತಿಲ್ಲ. ಅಸಲಿನಲ್ಲಿ ಆರು ಅಡಿ ಇದ್ದದ್ದು ಇಲ್ಲಿ ಸರಿಯಾಗಿ ಒಂದು ಇಂಚು. ನಾಲ್ಕು ಜನರೆದುರು ಬಾಯಿ ಬಿಡಲಾರದ ನನಗೆ ಆ ಕೆಲಸ ಬಹಳ ಹಿಡಿಸಿತು. ಕಟ್ಟಿಗೆ ಎದುರು ಮಾತಾಡುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ.

ಶಾಲೆ ಮುಗಿಸಿ ಹುಮನಾಬಾದಿಗೆ ಬಂದ ಮೇಲೂ ಚಾಕು ಕೆಳಗಿಡಲಿಲ್ಲ. ಹಾಲವಾಣದ ಕಟ್ಟಿಗೆ, ಬಡಿಗೇರ ಬಿಸಾಕಿದ ಉಪ್ಪುಕಾಗದ, ಅಪ್ಪನ ದಾಡಿಯ ಹಳೇ ಬ್ಲೇಡು, ಒಂದು ಬಟ್ಟಲು ಗೋಂದು. ಇಷ್ಟರಲ್ಲಿ ವಿಮಾನ, ಟ್ಯಾಂಕು, ಹಡಗು ಎಲ್ಲ ಆಗುತ್ತಿದ್ದವು. ಮಾಡಿದ್ದನ್ನು ಬಂಧು ಬಳಗಕ್ಕೆ, ಗೆಳತಿಯರಿಗೆ ಕೊಡುತ್ತಿದ್ದೆ. ನನಗೆ ಬೇಕಾಗಿದ್ದದ್ದು ಒಂದೇ: "ಇದು ನೀ ಮಾಡಿದ್ದೇನವ್ವ?" ಅಂತ ಒಬ್ಬರಾದರೂ ಕೇಳಬೇಕು, "ಹೌದು" ಅಂದರೆ ನಂಬಬೇಕು. ಇದೇನು ಸೂರ್ಯಚಂದ್ರರನ್ನು ಕೇಳಿದಂತಾಯಿತೆ?

೧. ಟ್ಯಾಂಕಿನ ಮುಚ್ಚಳ

ರಾಜೇಶ್ವರದಲ್ಲಿ ನಮ್ಮ ಸೋದರತ್ತೆ ಹೊಸ ಮನೆ ಕಟ್ಟಿಸಿದರು. ಮನೆಯೊಕ್ಕಲಿಗೆ ಎಲ್ಲರೂ ಕುಪ್ಪಸದ ಖಣ ಒಯ್ದರೆ ನಾನು ಟ್ಯಾಂಕು ಒಯ್ದೆ. ಅಂಥಿಂಥ ಟ್ಯಾಂಕಲ್ಲ. ಮೇಲಿನ ಗೋಪುರ ಸುತ್ತ ತಿರುಗುತ್ತಿತ್ತು, ಬೇಕಾದರೆ ಎತ್ತಿ ತೆಗೆಯಬಹುದಿತ್ತು. ತೋಪಿನ ನಳಿಗೆಗೆ ನವಿಲುಗರಿಯ ದೇಟು ಹುಡುಕಿ, ಒಳಗೆ ಟೊಳ್ಳು ಮಾಡಿ ಕೂಡಿಸಿದ್ದೆ.

ತಿಂಗಳ ಮೇಲೆ ಮತ್ತೆ ಹೋದಾಗ ದೇವರ ಜಗಲಿಯ ಮೇಲೆ ನನ್ನ ಟ್ಯಾಂಕು ಗುಂಡು ಹಾರಿಸುತ್ತಿತ್ತು. ಕಣ್ಣುಜ್ಜಿಕೊಂಡು ನೋಡಿದೆ. ನಳಿಗೆಯ ತುದಿಗೆ ಊದಿನಕಡ್ಡಿ ಹೊಗೆಯಾಡುತ್ತಿತ್ತು. ಅತ್ತೆ ಗೋಪುರ ಎತ್ತಿ, ಒಳಗಿನ ಕುಂಕುಮವನ್ನು ಬೆರಳಿಗೆ ತಗೊಂಡು ನನ್ನ ಹಣೆಗೆ ಹಚ್ಚಿದರು. ಪಕ್ಕದಲ್ಲಿದ್ದ ನೆರೆಮನೆಯಾಕೆಗೆ ಹೇಳಿದರು, "ನೋಡವ್ವ, ನಮ್ಮಣ್ಣನ ಮಗ ಮಾಡಿ ಕಳಿಸ್ಯಾನ. ಮುಚ್ಚಳ ಎಷ್ಟು ಚಂದ ಕೂಡ್ತದ!"

"ಅತ್ತಿ, ಅದು ನಾನೇ ಮಾಡೀನಿ," ಅಂದೆ, ನನಗಷ್ಟೇ ಕೇಳುವ ಹಾಗೆ.

ಆದರೂ ಕೇಳಿತು. "ಹೌದವ್ವ ಹೌದು, ನೀನೂ ಕಲ್ತಿ. ಹೊಳ್ಳಿ ಹೋದ ಮ್ಯಾಲ ನಿಮ್ಮಣ್ಣಗ ಒಂದು ಮಾತು ಹೇಳು. ತೂತ ಒಂದೇ ಇಟ್ಟಾನ. ನಮ್ಮನ್ಯಾಗ ಊದಿನಕಡ್ಡಿ ಎರಡು ಹಚ್ಚತೀವಿ."

ಅಣ್ಣನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ನನಗಿಂತ ಮೂರು ವರ್ಷಕ್ಕೆ ದೊಡ್ಡವನು, ಒಳ್ಳೆಯವನು. ಅವನ ಪೆನ್ಸಿಲ್ ಚೂಪು ಮಾಡಿಕೊಡುವವಳು ನಾನು.

೨. ಒಂಟಿ ವಿಮಾನ

ಬೋರ್ಡಿಂಗಿನಲ್ಲಿ ನನ್ನ ಪಕ್ಕದ ಮಂಚದ ಗೆಳತಿ ಕಲ್ಯಾಣದವಳು, ಬಟ್ಟೆ ವ್ಯಾಪಾರಿಗಳ ಮಗಳು. ಅವರ ಮನೆತನ ಆ ಊರಿನ ಕೋಟೆಯಷ್ಟೇ ಹಳೆಯದು. ಅವಳ ನಿಕಾಹಿಗೆ ಒಂದರ ಮೇಲೊಂದು ಎರಡು ಜೊತೆ ರೆಕ್ಕೆ ಇರುವ ಹಳೇ ನಮೂನೆಯ ವಿಮಾನ ಮಾಡಿದೆ. ಮೇಲಿನ ರೆಕ್ಕೆಗೂ ಕೆಳಗಿನ ರೆಕ್ಕೆಗೂ ನಡುವೆ ಬಿಗಿದ ತಂತಿಗಳು ಅಸಲಿನಲ್ಲಿ ಎಷ್ಟಿವೆಯೋ ಅಷ್ಟೇ ಎಳೆ ರೇಶ್ಮೆ ಎಳೆದಿದ್ದೆ. ಇದನ್ನು ಯಾರು ಮಾಡಿದರೆಂದು ಗೆಳತಿಗೆ ಗೊತ್ತಿತ್ತು. ಆದರೆ ಅವಳು ಮದುಮಗಳು, ಮುಸುಕಿನೊಳಗಿದ್ದಳು. ಅಂದು ಅವಳು ಬಾಯಿ ಬಿಡುವಂತಿರಲಿಲ್ಲ.

ಉಡುಗೊರೆಗಳನ್ನೆಲ್ಲ ತಾಟಿನಲ್ಲಿ ಹೊಂದಿಸುತ್ತಿದ್ದವರು ಅವಳ ಅಜ್ಜಿ, ಮನೆಗೆಲ್ಲ ದಾದಿಮಾ. ವಿಮಾನವನ್ನು ತಿರುವಿ ಮುರುವಿ ನೋಡಿದರು.

"ಒಂದೇ ಯಾಕ ತಂದಿ ಬೇಟಾ? ಶಾದಿ ಮನೀಗಿ ಒಂಟಿ ಸಾಮಾನ ಬರಬಾರದು. ತಂಬಿಗಿ ಅಂದ್ರ ಎರಡು, ತಾಟ ಅಂದ್ರ ಎರಡು."

"ದಾದಿಮಾ, ವಿಮಾನ ಒಂದೇ ಹಾರ್ತದ್ರಿ."

"ಹಾರಲಿ. ಅದಕ್ಕ ಜೋಡಿ ಯಾರು?"

ನಾನು ಶರಬತ್ತು ಕುಡಿಯಲಿಕ್ಕೆ ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ತಾಟಿನಲ್ಲಿ ಎರಡು ವಿಮಾನ ಇದ್ದವು! ದಾದಿಮಾ ನನ್ನ ವಿಮಾನದ ಮೇಲಿನ ರೆಕ್ಕೆಯನ್ನು ಕಿತ್ತು, ಅದನ್ನು ಒಂದು ಲಟ್ಟಣಿಗೆಗೆ ಅಡ್ಡ ಇಟ್ಟು, ಕೆಂಪು ದಾರದಿಂದ ಬಿಗಿದು ಕಟ್ಟಿದ್ದರು. ಎಳೆ ಎಳೆಯಾಗಿ ಕೂಡಿಸಿದ ನನ್ನ ರೇಶ್ಮೆ ತಂತಿಗಳು ತಾಟಿನಂಚಿಗೆ ಜೋಲಾಡುತ್ತಿದ್ದವು.

"ಒಂದಕ್ಕ ನಾಕು ರೆಕ್ಕಿ ಯಾಕ ಬೇಕಿತ್ತು? ಹಂಚಿಕೊಟ್ಟೀನಿ," ಅಂದರು.

ವರನ ಕಡೆಯವರು ಬಂದರು, ಎರಡನ್ನೂ ಎತ್ತಿ ನೋಡಿದರು. ಅವರಲ್ಲಿ ಹಿರಿಯಾಕೆ ಲಟ್ಟಣಿಗೆಯ ವಿಮಾನವನ್ನು ಕೈಯಲ್ಲಿ ತೂಗಿ, "ಇದು ಮಜಬೂತ ಅದ. ಆ ಇನ್ನೊಂದು ಯಾರೋ ಹೊಸಬರು ಮಾಡ್ಯಾರ ಕಾಣಸ್ತದ," ಅಂದರು.

೩. ಬಸ್ಸು ಹತ್ತದ ಹಡಗು

ಕೊಡಂಬಲದ ಸೋದರಮಾವ ಸಮುದ್ರ ನೋಡಿದವರಲ್ಲ. ಅವರಿಗೆಂದು ಯುದ್ಧದ ಹಡಗು ಮಾಡಿದೆ. ಹಡಗು ದೊಡ್ಡದು, ಆದ್ದರಿಂದ ಅಳತೆಯೂ ಬೇರೆ: ಐವತ್ತು ಅಡಿಗೆ ಒಂದು ಇಂಚು. ಒಟ್ಟು ಆರಿಂಚಿನ ಹಡಗು. ಅರಿವೆಯಲ್ಲಿ ಸುತ್ತಿ ಪೊಟ್ಟಣ ಮಾಡಿ, ಬಸ್ಸಿನಲ್ಲಿ ಕಳಿಸೋಣವೆಂದು ಅಣ್ಣನ ಜೊತೆ ಬಸ್ಸು ನಿಲ್ಲುವ ಅಡ್ಡೆಗೆ ಹೋದೆ. ಅಲ್ಲಿ ಒಬ್ಬ ಮುನಶಿ ಸಾಮಾನಿನ ಚೀಟಿ ಬರೆಯುತ್ತಾ ಕೂತಿದ್ದ.

"ಒಳಗ ಏನದ?"

"ಹಡಗು."

ಅವನು ಲೇಖಣಿ ಎತ್ತಿ ಅಣ್ಣನ ಮುಖ ನೋಡಿದ. ಅಣ್ಣ, "ಹೌದ್ರಿ, ಲಡಾಯಿ ಹಡಗು," ಅಂದ.

"ಎಷ್ಟು ಉದ್ದ ಅದ?"

ನನ್ನ ತಪ್ಪು ಇಲ್ಲೇ ಆಯಿತು. ನಮ್ಮ ಮಿಸ್ ಕಲಿಸಿದ್ದರು, ಯಾರಾದರೂ ಅಳತೆ ಕೇಳಿದರೆ ಮೊದಲು ಅಸಲಿನದು ಹೇಳಬೇಕು, ಆಮೇಲೆ ಮಾದರಿಯದು. "ಮುನ್ನೂರು ಅಡಿ," ಅಂದೆ. ಮಾದರಿಯದು ಹೇಳುವಷ್ಟರಲ್ಲಿ ಹಿಂದೆ ನಿಂತಿದ್ದ ನಾಲ್ಕು ಜನ ನನ್ನ ಕಡೆ ತಿರುಗಿದರು. ಆರಿಂಚು ಅನ್ನುವ ಬದಲು ಅಣ್ಣನ ಬೆನ್ನ ಹಿಂದೆ ಸರಿದೆ.

ಮುನಶಿ ಮುನ್ನೂರು ಅಡಿ ಅಂತ ಉರ್ದುವಿನಲ್ಲಿ ಅಚ್ಚುಕಟ್ಟಾಗಿ ಬರೆದ. ಮಾಡಿದವರ ಹೆಸರು ಕೇಳಿದ್ದಕ್ಕೆ ಅಣ್ಣ ನನ್ನ ಹೆಸರು ಹೇಳಿದ, ಅದನ್ನೂ ಬರೆದ. ಬರೆದದ್ದನ್ನು ಓದಿಕೊಂಡ. ಹೊರಗೆ ನಿಂತಿದ್ದ ಬಸ್ಸನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ತಲೆ ಅಲ್ಲಾಡಿಸಿದ.

"ಆಗಲ್ಲರಿ. ಮ್ಯಾಲ ಹಾಕಿದ್ರೂ ಹಿಂದ ಮುಂದ ಹೊರಗ ಬರ್ತದ. ನೀವು ಎತ್ತಿನ ಗಾಡಿ ಮಾಡ್ರಿ. ನಾಕೈದು ಗಾಡಿ ಬೇಕಾಗ್ತಾವ."

ಪೊಟ್ಟಣ ಅವನ ಎಡ ಅಂಗೈಯಲ್ಲೇ ಇತ್ತು.

"ಕೈಯಾಗ ಹಿಡದೀರಲ್ರಿ!" ಅಂದ ಅಣ್ಣ.

"ಕೈಯಾಗ ಇರೋದು ಬ್ಯಾರೆ, ಚೀಟಿ ಮ್ಯಾಲ ಇರೋದು ಬ್ಯಾರೆ. ನಾ ಚೀಟಿ ಪ್ರಕಾರ ಹೋಗಬೇಕು. ಮತ್ತ ಮಾಡಿದವರ ಹೆಸರು ಅಂತ ಈಕಿ ಹೆಸರು ಬರಸಾಕತ್ತೀರಿ. ಮುನ್ನೂರು ಅಡಿ ಹಡಗ ಒಬ್ಬ ಹುಡುಗಿ ಮಾಡ್ಯಾಳಂದ್ರ ಯಾರು ನಂಬತಾರ?"

೪. ಖಂಡೇ ಪೂಜೆ

ಹೀಗೆ ಬಸ್ಸು ಹತ್ತದ ಹಡಗು ಮನೆಯಲ್ಲೇ ಉಳಿಯಿತು. ಮಹಾನವಮಿಗೆ ಖಂಡೇ ಪೂಜೆ, ಅಂದರೆ ಆಯುಧಪೂಜೆ ಬಂತು. ಅಪ್ಪ ವಕೀಲರು. ತಮ್ಮ ಲೇಖಣಿ, ದೌತಿ, ಕಾನೂನಿನ ದಪ್ಪ ಪುಸ್ತಕಗಳನ್ನು ಪೂಜೆಗಿಟ್ಟರು. ಅವ್ವ ಈಳಿಗೆ ಇಟ್ಟಳು. ಅಪ್ಪನಿಗೆ ಏನನಿಸಿತೋ, "ಮನ್ಯಾಗ ಖರೇ ಆಯುಧ ಅಂದ್ರ ಇದೊಂದೇ," ಅಂತ ಹಡಗನ್ನು ತಂದು ನಡುವೆ ಇಟ್ಟರು. ನನ್ನ ಎದೆ ಉಬ್ಬಿತು.

ಪೂಜೆಗೆ ಬಂದ ಅಯ್ಯನವರಿಗೆ ಹಡಗು ಅಂದಕೂಡಲೇ ನೀರು ನೆನಪಾಯಿತು. ಉಳಿದವಕ್ಕೆಲ್ಲ ಎರಡೆರಡು ಹನಿ ಪ್ರೋಕ್ಷಣೆ ಮಾಡಿ, ಹಡಗಿಗೆ ಮಾತ್ರ ತಂಬಿಗೆಯನ್ನೇ ಬಗ್ಗಿಸಿದರು. ಗೋಂದು ಬಿಟ್ಟಿತು. ಚಿಮಣಿ ಒಂದು ಕಡೆ, ತೋಪು ಒಂದು ಕಡೆ ತೇಲಿದವು. ವೈರಿಯ ಮುಖವನ್ನೇ ನೋಡದ ಹಡಗು ಒಂದು ಹಿತ್ತಾಳೆ ತಾಟಿನಲ್ಲಿ ಮುಳುಗಿತು. ನಾನು ಅಳುಮುಖ ಮಾಡಿದ್ದನ್ನು ನೋಡಿ ಅಯ್ಯನವರು, "ಚಿಂತಿ ಮಾಡಬ್ಯಾಡ ತಂಗಿ, ನಿಮ್ಮಣ್ಣ ಇನ್ನೊಂದು ಮಾಡಿಕೊಡ್ತಾನ," ಅಂತ ಸಮಾಧಾನ ಹೇಳಿದರು.

೫. ಕೈಗುಣ

ಮುಂದಿನ ಬೇಸಿಗೆಗೆ ಕಲ್ಯಾಣದಿಂದ ನನ್ನನ್ನು ನೋಡಲಿಕ್ಕೆ ಒಬ್ಬ ಯಜಮಾನರು, ಅವರ ಹೆಂಡತಿ ಬಂದರು. ಮಗನಿಗೆ ಹೆಣ್ಣು ಬೇಕಾಗಿತ್ತು. ಹಿಂದಿನ ದಿನವೇ ಅವ್ವ ಎಚ್ಚರಿಸಿದ್ದಳು: "ಚಾಕು ಚೂರಿ ಹಿಡೀತಿ ಅಂತ ಗೊತ್ತಾದ್ರ ಯಾರೂ ನಿನ್ನ ಮಾಡಿಕೊಳ್ಳಲ್ಲ. ಯಾರಾದ್ರೂ ಕೇಳಿದ್ರ ಅಣ್ಣ ಮಾಡ್ಯಾನ ಅಂತೀನಿ. ನೀ ಬಾಯಿ ತೆಗೀಬ್ಯಾಡ." ಬಾಯಿ ತೆಗೆಯದೆ ಇರುವುದನ್ನು ನನಗೆ ಹೇಳಿಕೊಡಬೇಕೆ?

ಅವರು ನನ್ನನ್ನು ನೋಡಿದ್ದು ಚಾ ಆರುವಷ್ಟು ಹೊತ್ತು. ಅಟ್ಟದ ಮೇಲಿದ್ದ ವಿಮಾನ, ಟ್ಯಾಂಕುಗಳನ್ನು ನೋಡಿದ್ದು ಮಧ್ಯಾಹ್ನವೆಲ್ಲ. "ಯಾರು ಮಾಡಿದ್ದು?" ಅಂದರು ಯಜಮಾನರು. "ನಮ್ಮ ಮಗ," ಅಂದಳು ಅವ್ವ. ಅಣ್ಣ ನೆಲ ನೋಡಿದ. ಅದನ್ನೂ ಅವರು ವಿನಯವೆಂದೇ ತಿಳಿದರು.

ಎಂಟು ದಿನಕ್ಕೆ ಕಾಗದ ಬಂತು. ಹುಡುಗಿ ಬಹಳ ಮೆತ್ತಗಿದ್ದಾಳೆ, ತಮ್ಮ ಮಗನಿಗೆ ಸರಿ ಹೋಗುವುದಿಲ್ಲ. ಆದರೆ ಹುಡುಗನಂಥ ಕೈಗುಣ ಎಲ್ಲೂ ನೋಡಿಲ್ಲ, ತಮ್ಮ ಮಗಳನ್ನು ಕೊಡುತ್ತೇವೆ. ನಿಶ್ಚಯದ ದಿನ ಕಲ್ಯಾಣದ ಕೋಟೆಯ ಮೇಲಿನ ಹಳೇ ತೋಪಿನ ಮಾದರಿ ಒಂದನ್ನು ಅಳಿಯಂದಿರ ಕೈಯಿಂದಲೇ ಮಾಡಿಸಿ ತರಬೇಕು!

ಅಣ್ಣ ನನ್ನ ಹತ್ತಿರ ಓಡಿಬಂದ. ಕಾಗದದ ಜೊತೆ ಬಂದಿದ್ದ ಹುಡುಗಿಯ ಫೋಟೋ ಅವನ ಮನಸ್ಸಿಗೆ ಬಂದಿತ್ತು.

"ತಂಗೀ, ನನ್ನ ಮಾನ ನಿನ್ನ ಕೈಯಾಗ ಅದ."

"ಮಾಡತೀನಿ. ಆದರ ಎಲ್ಲರ ಮುಂದ ನೀನೇ ಖರೇ ಹೇಳಬೇಕು. ನಾ ಮಾಡೀನಿ ಅಂತ."

ಅವನು ದೇವರ ಮೇಲೆ ಆಣೆ ಮಾಡಿದ.

ಅಳತೆ ತಗೊಳ್ಳಲಿಕ್ಕೆ ಕೋಟೆಗೆ ಹೋದೆವು. ಆ ಬಿಸಿಲಿನಲ್ಲಿ ನಾನು ಕಾದ ತೋಪಿನ ಮೇಲೆ ಬೋರಲು ಬಿದ್ದು ದಾರ ಎಳೆಯುತ್ತಿದ್ದೆ, ಅಣ್ಣ ಕೊಡೆ ಹಿಡಿದು ನಿಂತಿದ್ದ. ಕಾವಲಿನವನು ಬಂದು ಸಲಾಂ ಹೊಡೆದದ್ದು ಕೊಡೆಗೆ. "ಇಂಜಿನಿಯರ್ ಸಾಹೇಬರು ಬಂದಾರೇನ್ರಿ?" ಅಂತ ಅಣ್ಣನನ್ನು ತೋರಿಸಿ ನನ್ನನ್ನೇ ಕೇಳಿದ. ಆದರೂ ಸಿಟ್ಟು ತಡಕೊಂಡೆ. ಹದಿನೈದು ದಿನ ಕೂತು ಅಡಿಗೆ ಒಂದು ಇಂಚಿನಂತೆ ತೋಪು ಕೆತ್ತಿದೆ. ಬಾಯಿಯ ಸುತ್ತಿನ ಹೂಬಳ್ಳಿಯನ್ನೂ ಬಿಡಲಿಲ್ಲ. ಅದಕ್ಕಿಂತ ಚಂದದ ಕೆಲಸ ನನ್ನ ಕೈಯಿಂದ ಆಗಿಲ್ಲ.

ನಿಶ್ಚಯದ ದಿನ ಕಲ್ಯಾಣದಲ್ಲಿ ಅವರ ಪಡಸಾಲೆ ತುಂಬ ಜನ. ತೋಪು ಕೈಯಿಂದ ಕೈಗೆ ಹೋಯಿತು, ಎಲ್ಲರೂ ಬೆರಗಾದರು. ನಾನು ಅಣ್ಣನ ಕಡೆ ನೋಡಿದೆ. ಅವನು ಬೆವರಿದ, ಆದರೆ ಎದ್ದು ನಿಂತ. ಮೆಚ್ಚಬೇಕಾದ ಮಾತು, ನಿಂತೇ ಬಿಟ್ಟ.

"ಎಲ್ಲಾರೂ ಕೇಳ್ರಿ. ಇದು ನಾ ಮಾಡಿದ್ದಲ್ಲರಿ. ನಮ್ಮ ಮನಿ ಅಟ್ಟದ ಮ್ಯಾಲಿಂದು ಯಾವುದೂ ನಾ ಮಾಡಿಲ್ಲ. ಎಲ್ಲಾ ನಮ್ಮ ತಂಗಿ ಮಾಡ್ಯಾಳ. ನನಗ ಒಂದು ಮೊಳಿ ಹೊಡಿಯಾಕೂ ಬರಲ್ಲ."

ಯಜಮಾನರು ನಿಧಾನವಾಗಿ ಚಸ್ಮಾ ತೆಗೆದರು. ಅವರ ಕಣ್ಣಲ್ಲಿ ನೀರಿತ್ತು.

"ನೋಡ್ರಪ್ಪ, ಇದಕ್ಕಂತಾರ ಸಂಸ್ಕಾರ! ನಾವು ತಂಗೀನ ಒಲ್ಲೆ ಅಂದಿವಿ ಅಂತ, ತನ್ನ ಕೆಲಸ ಅಷ್ಟೂ ತಂಗಿ ಹೆಸರಿಗಿ ಬಿಟ್ಟುಕೊಟ್ಟ! ಇಂಥಾ ಹುಡುಗ ದೀಪ ಹಚ್ಚಿ ಹುಡಕಿದ್ರೂ ಸಿಗ್ತಾನೇನು?"

"ಅಲ್ಲರಿ ಮಾವನೋರ, ಖರೇನೇ ಆಕಿ..."

"ಸಾಕಪ್ಪ ಸಾಕು. ಇನ್ನ ಎಷ್ಟು ದೊಡ್ಡವ ಆಗ್ತಿ?"

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಲ್ಲ ಗೊತ್ತಿದ್ದ ನಮ್ಮವ್ವ ಕೂಡ ಒರೆಸಿಕೊಂಡಳು! ನನಗೆ ತಡೆಯಲಾಗಲಿಲ್ಲ. ಅಷ್ಟು ಜನರೆದುರು ಹುಟ್ಟಿದಾಗಿನಿಂದ ಮೊದಲ ಸಲ ಗಟ್ಟಿಯಾಗಿ ಮಾತಾಡಿದೆ: "ನಾನೇ ಮಾಡೀನ್ರಿ!"

"ಪಾಪ, ಅಣ್ಣ ಹೇಳಿಕೊಟ್ಟಂಗ ಹೇಳಾಕತ್ತಾಳ," ಅಂದರು ಯಜಮಾನರು.

ಸಾಕ್ಷಿಗೆ ಎರಡೂ ಕೈ ಮುಂದೆ ಚಾಚಿದೆ. ಹೂಬಳ್ಳಿ ಕೆತ್ತುವಾಗ ಉಳಿ ಜಾರಿ ಗಾಯವಾದ ಮೂರು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದೆ. ಯಜಮಾನರ ಹೆಂಡತಿ ಹತ್ತಿರ ಬಂದರು, ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದರು. ಆಮೇಲೆ ನಮ್ಮವ್ವನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಅಂದರು:

"ಬೇಜಾರ ಮಾಡಿಕೋಬ್ಯಾಡ್ರಿ ಅಕ್ಕಾರ. ನಮ್ಮ ಮಗಳು ನಿಮ್ಮ ಮನೀಗಿ ಬಂದ ಮ್ಯಾಲ ಕಲಿಸ್ತಾಳ. ಇಷ್ಟು ದೊಡ್ಡಾಕಿ ಆದ್ರೂ ಹುಡುಗಿಗಿ ಇನ್ನ ಕಾಯಿಪಲ್ಯ ಹೆಚ್ಚಾಕ ಬರಲ್ಲ ಕಾಣಸ್ತದ."