ಮಣ್ಣಿಗೆ ಹೋದ ಮಾಸ್ತರು

ಸುದ್ದಿಮನೆಯಲ್ಲಿ ತಪ್ಪುಗಳು ದಿನವೂ ಆಗುತ್ತವೆ. ಹೆಚ್ಚಿನವು ಯಾರ ಗಮನಕ್ಕೂ ಬರುವುದಿಲ್ಲ; ಅದನ್ನೇ ನಾವು ವಿಶ್ವಾಸಾರ್ಹತೆ ಎಂದು ಕರೆಯುತ್ತೇವೆ. ಬಹುಕಾಲ ದೊಡ್ಡ ವಾಹಿನಿಗಳಲ್ಲಿ ದುಡಿದ ನಾನು, ಕೊನೆಗೆ ಕೊಟ್ಟೂರಿನ ಒಂದು ಕೇಬಲ್ ವಾಹಿನಿಯಲ್ಲಿ ಸುದ್ದಿ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಅಲ್ಲಿ ಎಲ್ಲರ ಗಮನಕ್ಕೂ ಬಂದ ಒಂದೇ ಒಂದು ತಪ್ಪಿನ ಪ್ರಸಂಗಗಳು ಇವು.

೧. ಕಾಗುಣಿತ

ಕೂಡ್ಲಿಗಿಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಸಂದರ್ಶನ ಅಂದು ಬೆಳಿಗ್ಗೆ ನಿಗದಿಯಾಗಿತ್ತು. ನಮ್ಮ ವರದಿಗಾರ ಅವರ ಮನೆಯ ಬಾಗಿಲಿನಿಂದಲೇ ಕಚೇರಿಗೆ ಫೋನ್ ಮಾಡಿದ: "ಮಾಸ್ತರು ಮಣ್ಣಿಗೆ ಹೋಗ್ಯಾರ್ರಿ. ಇವತ್ತು ಸಿಗಂಗಿಲ್ಲ."

ನಮ್ಮ ಕಡೆ ಮಣ್ಣಿಗೆ ಹೋಗುವುದೆಂದರೆ ಬೇರೆಯವರ ಶವಸಂಸ್ಕಾರಕ್ಕೆ ಹೋಗುವುದು. ಫೋನ್ ತೆಗೆದುಕೊಂಡ ಉಪಸಂಪಾದಕಿ ಮೈಸೂರಿನವಳು. ಕೆಲಸಕ್ಕೆ ಸೇರಿ ಎರಡು ವಾರವಾಗಿತ್ತು. ಆಕೆ ಮಾಸ್ತರನ್ನೇ ಮಣ್ಣು ಮಾಡಿದಳು.

ಪರದೆಗೆ ಹೋಗುವ ಮೊದಲು ಆಕೆ ಬರೆದ ಸಾಲು ನನ್ನ ಮುಂದೆ ಬಂತು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಬೆರಳ ಗೆಣ್ಣಿಗೆ ಹೊಡೆದು ತಿದ್ದಿದ ಕಣ್ಣು ನನ್ನದು. 'ನಿದನ' ಎಂದಿದ್ದುದನ್ನು 'ನಿಧನ' ಎಂದು ಸರಿಪಡಿಸಿ ಕಳುಹಿಸಿದೆ. ಅಕ್ಷರಕ್ಕೆ ಮಹಾಪ್ರಾಣ ಕೊಟ್ಟೆ. ಮಾಸ್ತರ ಪ್ರಾಣ ತೆಗೆದೆ.

೨. ಹಾಜರಿ

ಆ ಹೊತ್ತಿಗೆ ಮಾಸ್ತರು ಹರಪನಹಳ್ಳಿಯಲ್ಲಿ ತೀರಿಕೊಂಡ ಗೆಳೆಯರೊಬ್ಬರ ಗುಂಡಿಯ ಬಳಿ ನಿಂತಿದ್ದರು. ಸುತ್ತಲಿನವರ ಮೊಬೈಲುಗಳಲ್ಲಿ ಅವರದೇ ಭಾವಚಿತ್ರ ಮೂಡಿತು. ಪಕ್ಕದವರು ಒಂದೊಂದು ಹೆಜ್ಜೆ ಹಿಂದೆ ಸರಿದರಂತೆ. ಹಳೆಯ ಶಿಷ್ಯನೊಬ್ಬ ಮಾತ್ರ ವಿನಯದಿಂದ ಮುಂದೆ ಬಂದು, "ಟೀವ್ಯಾಗ ಹಾಕ್ಯಾರ್ರಿ ಸರ. ನಿಮ್ಮದು ಮಣ್ಣು ಎಷ್ಟೊತ್ತಿಗೆ?" ಎಂದು ವಿಚಾರಿಸಿದನಂತೆ.

ಮಾಸ್ತರು ನೇರವಾಗಿ ನಮ್ಮ ಕಚೇರಿಗೆ ಬಂದರು. ತಮ್ಮ ಮಾನದ ಚಿಂತೆ ಅವರಿಗಿರಲಿಲ್ಲ. ಹಡಗಲಿಯಲ್ಲಿ ಅವರ ಅಕ್ಕ ಇದ್ದರು. ಎದೆಯ ಕಾಯಿಲೆಯವರು, ನಮ್ಮ ವಾಹಿನಿಯನ್ನಲ್ಲದೆ ಯಾರನ್ನೂ ನಂಬದವರು. ಸುದ್ದಿ ನೋಡಿದಾಗಿನಿಂದ ನೀರನ್ನೂ ಮುಟ್ಟಿರಲಿಲ್ಲ. ಮಾಸ್ತರೇ ಫೋನ್ ಮಾಡಿದರೆ, ಯಾರೋ ತಮ್ಮನಂತೆ ಮಾತನಾಡುತ್ತಿದ್ದಾರೆಂದು ಅಕ್ಕ ಕರೆಯನ್ನು ಕಡಿದಿದ್ದರು. ಏಕಾಏಕಿ ಬಾಗಿಲಲ್ಲಿ ಹೋಗಿ ನಿಂತರೆ ದೆವ್ವವೆಂದು ಎದೆ ಒಡೆದುಕೊಳ್ಳುವ ಭಯ.

"ನೀವ ಕೊಂದೀರಿ," ಎಂದರು ಮಾಸ್ತರು. "ನೀವ ಎಬ್ಬಸ್ರಿ."

೩. ತಿದ್ದುಪಡಿ

ಕ್ಷಮೆಯಾಚನೆಯ ಎರಡು ಸಾಲು ಬರೆದು ಮಾಲೀಕರ ಮುಂದಿಟ್ಟೆ. ಅವರು ಓದಿ, ಮಡಚಿ, ಜೇಬಿಗಿಟ್ಟುಕೊಂಡರು. ತಪ್ಪೊಪ್ಪಿಕೊಂಡರೆ ನಾಳೆ ನಿಜವಾಗಿ ಸತ್ತವರ ಸುದ್ದಿಯನ್ನೂ ಮಂದಿ ನಂಬುವುದಿಲ್ಲ ಎಂದರು. "ಸತ್ತಾರ ಅಂದೀವಿ. ಈಗ ಅದಾರ. ನಡುವ ಏನಾತು ಅನ್ನೋದ ಸುದ್ದಿ ನೋಡ್ರಿ ಮೇಡಂ."

ನಾನು ಒಪ್ಪಲಿಲ್ಲ. ಆದರೆ ಹಡಗಲಿಯಲ್ಲಿ ಒಂದು ಹಿರಿಯ ಜೀವ ಉಪವಾಸವಿತ್ತು, ವಾದಕ್ಕೆ ಸಮಯವಿರಲಿಲ್ಲ. ಹತ್ತು ನಿಮಿಷದಲ್ಲಿ ಪರದೆಯ ತುಂಬ ಬಂತು: 'ಸಾವು ಗೆದ್ದು ಬಂದ ಮಾಸ್ತರು'. ಆ ಸಾಲಿನಲ್ಲಿ ಕಾಗುಣಿತದ ದೋಷ ಒಂದೂ ಇರಲಿಲ್ಲ.

೪. ಸಂದರ್ಶನ

ಮಾಸ್ತರನ್ನು ಹಡಗಲಿಗೆ ನಾನೇ ಕರೆದೊಯ್ದೆ. ಅವರ ಅಕ್ಕ ಅಷ್ಟರಲ್ಲಿ ಊಟ ಮುಗಿಸಿ, ಕಟ್ಟೆಯ ಮೇಲೆ ಮಲ್ಲಿಗೆ ಕಟ್ಟುತ್ತ ಕುಳಿತಿದ್ದರು. ತಮ್ಮನನ್ನು ಕಂಡು ಬೆಚ್ಚಲಿಲ್ಲ. ಹತ್ತಿರ ಕೂರಿಸಿಕೊಂಡು ಮೊದಲು ಕೈ ಮುಟ್ಟಿದರು, ಅನಂತರ ಕೆನ್ನೆ. ಎರಡು ಕಡೆ ಖಚಿತಪಡಿಸಿಕೊಳ್ಳದೆ ಯಾವುದನ್ನೂ ನಂಬಬಾರದೆಂದು ನಾನು ವೃತ್ತಿಜೀವನವಿಡೀ ಬೋಧಿಸಿದ್ದೇನೆ. ಇಡೀ ಪ್ರಕರಣದಲ್ಲಿ ಅದನ್ನು ಪಾಲಿಸಿದವರು ಅವರೊಬ್ಬರೇ.

ತಪ್ಪು ನಮ್ಮದೆಂದು ಹೇಳಲು ಬಾಯಿ ತೆರೆದೆ. ಎಲ್ಲವನ್ನೂ ಟೀವಿಯಲ್ಲಿ ನೋಡಿದ್ದೇನೆಂದು ಅವರು ನನ್ನನ್ನು ಸುಮ್ಮನಾಗಿಸಿದರು. ಬಳಿಕ ತಮ್ಮನ ಕಡೆ ಬಾಗಿ, ಮೆಲ್ಲನೆ ಕೇಳಿದರು: "ತಮ್ಮಾ, ಅಪ್ಪ ಅಲ್ಲಿ ಹ್ಯಾಂಗ ಅದಾನ?"

ತಲೆಮಾರುಗಳ ಮಕ್ಕಳಿಗೆ ಸತ್ಯವನ್ನೇ ಹೇಳಬೇಕೆಂದು ಕಲಿಸಿದ್ದ ಮಾಸ್ತರು ಒಮ್ಮೆ ನನ್ನ ಮುಖ ನೋಡಿದರು.

"ಆರಾಮ ಅದಾನ, ಅಕ್ಕ," ಎಂದರು. "ಅಲ್ಲಿ ಟೀವಿ ಇಲ್ಲ."